ಮಲ್ಟಿಕಾಸ್ಟ್ ಅಡ್ರೆಸ್ ಯಾರದ್ದು? ಒಂದು ಕ್ಯಾಮರಾ ನಾಲ್ಕು ನಿಮಿಷಕ್ಕೆ ನಿಲ್ತದೆ, ಇನ್ನೊಂದು ಇಡೀ ನೆಟ್‌ವರ್ಕನ್ನೇ ಮುಳುಗಿಸ್ತದೆ

ಮುಳ್ಳೇರಿಯ_ಮಾಣಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮೂರ ದೇವಸ್ಥಾನದಲ್ಲಿ ಬರುವ ವಾರ ಬ್ರಹ್ಮಕಲಶ, ರಾತ್ರಿ ಯಕ್ಷಗಾನ ಆಟವೂ ಉಂಟು. ಜನ ಸಿಕ್ಕಾಪಟ್ಟೆ ಆಗ್ತದೆ, ಎಲ್ಲರಿಗೂ ಎದುರು ಕೂತು ನೋಡ್ಲಿಕ್ಕೆ ಜಾಗ ಇಲ್ಲ ಅಂತ ಭೋಜನಶಾಲೆ, ಪಾರ್ಕಿಂಗ್ ಗದ್ದೆ, ಸಭಾಭವನ ಎಲ್ಲ ಸೇರಿ ಆರು ಕಡೆ ಟಿವಿ ಇಡುವುದು ಅಂತ ಸಮಿತಿಯವರು ತೀರ್ಮಾನ ಮಾಡಿದ್ರು. ನೆಟ್‌ವರ್ಕ್ ಕೆಲಸ ನನ್ನ ತಲೆಗೆ ಬಂತು, ಊರಲ್ಲಿ ಕಂಪ್ಯೂಟರ್ ಕಲಿತವ ಅಂತ ಗೊತ್ತಾದ್ರೆ ಮತ್ತೆ ಪ್ರಿಂಟರಿಗೂ ಮೈಕಿಗೂ ಅವನೇ ಅಲ್ವಾ.

ಕ್ಯಾಮರಾ ಎರಡು, ಎರಡಕ್ಕೂ ಒಂದೊಂದು ಎಚ್‌ಡಿಎಂಐ ಎನ್‌ಕೋಡರ್ ಬಾಕ್ಸ್ (ಕ್ಯಾಮರಾದ ಚಿತ್ರವನ್ನು ನೆಟ್‌ವರ್ಕಿಗೆ ಬಿಡುವಂಥದ್ದು). ಪ್ರತಿ ಟಿವಿಗೆ ಬೇರೆ ಬೇರೆ ಸ್ಟ್ರೀಮ್ ಕಳಿಸಿದ್ರೆ ಲೋಡ್ ಜಾಸ್ತಿ ಆಗ್ತದೆ, ಮಲ್ಟಿಕಾಸ್ಟ್ (ಒಂದೇ ಸಲ ಕಳಿಸಿದ್ದು ಬೇಕಾದವರಿಗೆಲ್ಲ ಸಿಗುವ ಪದ್ಧತಿ) ಹಾಕು ಅಂತ ಗೊತ್ತಿದ್ದವರೊಬ್ರು ಹೇಳಿದ್ರು, ಹಾಗೆ ರಂಗಸ್ಥಳದ ಕ್ಯಾಮರಾಕ್ಕೆ 239.0.0.1, ಯಾಗಶಾಲೆಯ ಕ್ಯಾಮರಾಕ್ಕೆ 239.20.20.2 ಅಂತ ಹಾಕಿದೆ. ಎರಡೂ 8 ಎಂಬಿಪಿಎಸ್, ಯುಡಿಪಿ. ಟಿವಿ ಹತ್ತಿರ ಸಣ್ಣ ಆಂಡ್ರಾಯ್ಡ್ ಬಾಕ್ಸ್, ಅದ್ರಲ್ಲಿ ವಿಎಲ್‌ಸಿ ವಿಡಿಯೋ ಪ್ಲೇಯರ್. ಆಫೀಸಿನಲ್ಲಿ ದಾನಿಗಳು ಕೊಟ್ಟ 24 ಪೋರ್ಟಿನ ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಾಯಿಸ್ಲಿಕ್ಕೆ ಆಗುವಂಥದ್ದು).

ಈಗ ಸಮಸ್ಯೆ ಎಂತ ಅಂದ್ರೆ ಯಾಗಶಾಲೆಯದ್ದು ಚಂದ ಬರ್ತದೆ, ಸುಮಾರು ನಾಲ್ಕು ನಿಮಿಷ ಆದ ಕೂಡ್ಲೆ ಚಿತ್ರ ಹಾಗೇ ನಿಲ್ತದೆ. ವಿಎಲ್‌ಸಿ ಮುಚ್ಚಿ ಪುನಃ ತೆರೆದ್ರೆ ಬರ್ತದೆ, ಪುನಃ ನಾಲ್ಕು ನಿಮಿಷ, ಪುನಃ ನಿಲ್ತದೆ. ರಂಗಸ್ಥಳದ್ದು ನಿಲ್ಲುವುದೇ ಇಲ್ಲ, ಆದ್ರೆ ಅದನ್ನು ಆನ್ ಮಾಡಿದ ಕೂಡ್ಲೆ ಸೇವಾ ಕೌಂಟರಿನ ನೆಟ್‌ವರ್ಕ್ ಪ್ರಿಂಟರ್ ರಶೀದಿ ಕೊಡ್ಲಿಕ್ಕೆ ತಡವರಿಸ್ತದೆ, ಆಫೀಸಿನ ವೈಫೈ ಸತ್ತ ಹಾಗೆ ಆಗ್ತದೆ. ಒಂದೇ ಸ್ವಿಚ್, ಒಂದೇ ಕಂಪೆನಿಯ ಎನ್‌ಕೋಡರ್, ಸೆಟ್ಟಿಂಗೂ ಒಂದೇ. ಇನ್ನೂ ತಮಾಷೆ ಎಂತ ಅಂದ್ರೆ ಮನೆಯಲ್ಲಿ ಸಾಧಾರಣ ಸಣ್ಣ ಸ್ವಿಚ್ಚಿಗೆ ಹಾಕಿ ನೋಡಿದಾಗ ಎರಡೂ ಗಂಟೆಗಟ್ಟಲೆ ಓಡಿದೆ.

ಅದಲ್ಲದೆ ಬುಡಕ್ಕೇ ಒಂದು ಡೌಟ್ ಉಂಟು. ಎನ್‌ಕೋಡರಿನ ಐಪಿ 192.168.10.21, ಬಾಕ್ಸುಗಳದ್ದು 31ರಿಂದ 36. ಈ 239.20.20.2 ಯಾವ ಮೆಷಿನ್‌ಗೂ ನಾನು ಕೊಟ್ಟಿಲ್ಲ, ತನ್ನಷ್ಟಕ್ಕೆ ಐಪಿ ಹಂಚುವ ಡಿಎಚ್‌ಸಿಪಿಯೂ ಕೊಟ್ಟಿಲ್ಲ, ಪಿಂಗ್ ಮಾಡಿದ್ರೆ ಉತ್ತರ ಇಲ್ಲ, ಆದ್ರೆ ಅದೇ ಹೊತ್ತಿಗೆ ಟಿವಿಯಲ್ಲಿ ಹೋಮದ ಹೊಗೆ ಕಾಣ್ತಾ ಉಂಟು. ಹಾಗಾದ್ರೆ ಈ ಅಡ್ರೆಸ್ ಯಾರದ್ದು ಮಾರಾಯ್ರೆ?

ಪೆರ್ಲದ_ಕೇಬಲಣ್ಣ:

ಸ್ವಿಚ್ಚಿನಲ್ಲಿ ಐಜಿಎಂಪಿ ಸ್ನೂಪಿಂಗ್ ಅಂತ ಒಂದು ಉಂಟು ನೋಡು, ಅದನ್ನು ಆಫ್ ಮಾಡು ಮಾಣಿ. ನಿಲ್ಲುವುದು ನಿಲ್ತದೆ. ನಾವು ಎಷ್ಟೋ ಕಡೆ ಹಾಗೇ ಮಾಡಿ ಬಿಟ್ಟದ್ದು.

ಉಪ್ಪಳದ_ಅಕ್ಕ:

ಕೇಬಲಣ್ಣ ಹೇಳಿದ ಹಾಗೆ ಮಾಡಿದ್ರೆ ಯಾಗಶಾಲೆಯದ್ದು ಓಡ್ತದೆ ಹೌದು, ಆದ್ರೆ ಆಗ ಎರಡು ಕ್ಯಾಮರಾವೂ ಸೇರಿ ಪ್ರಿಂಟರನ್ನೂ ವೈಫೈಯನ್ನೂ ಕೊಲ್ತವೆ. ಈಗ ಕೊಲ್ಲುವುದು ಒಂದೇ. ಹಾಗಾಗಿ ಆಫ್ ಮಾಡ್ಬೇಡಿ, ಸ್ವಲ್ಪ ಉದ್ದ ಆಗ್ತದೆ, ಓದಿ.

ಮೊದಲು ಆ ಬುಡದ ಡೌಟ್. ಆ ಅಡ್ರೆಸ್ ಯಾರದ್ದೂ ಅಲ್ಲ. 224.0.0.0ಯಿಂದ 239.255.255.255ರವರೆಗೆ ಇರುವುದೆಲ್ಲ ಗುಂಪಿನ ನಂಬರ್, ಹಳೇ ಲೆಕ್ಕದಲ್ಲಿ ಕ್ಲಾಸ್ ಡಿ ಅಂತ ಹೇಳುವುದು. 32 ಬಿಟ್ಟಿನಲ್ಲಿ ಮೊದಲ ನಾಲ್ಕು ಯಾವಾಗಲೂ 1110, ಉಳಿದ 28 ಬಿಟ್ ಗುಂಪಿನ ನಂಬರಿಗೆ. ಈ ಅಡ್ರೆಸ್ ಪ್ಯಾಕೆಟ್ಟಿನಲ್ಲಿ "ಯಾರಿಗೆ" ಅನ್ನುವ ಜಾಗದಲ್ಲಿ ಮಾತ್ರ ಬರ್ಬಹುದು, "ಯಾರಿಂದ" ಅನ್ನುವಲ್ಲಿ ಯಾವತ್ತೂ ಬರ್ಲಿಕ್ಕಿಲ್ಲ. ನಿಮ್ಮ ಸ್ಟ್ರೀಮಿನ ಪ್ಯಾಕೆಟ್ ತೆರೆದು ನೋಡಿದ್ರೆ ಸೋರ್ಸ್ 192.168.10.21 ಅಂತಲೇ ಇರ್ತದೆ. ಕಳಿಸುವವನಿಗೆ ಗುಂಪಿಗೆ ಸೇರಬೇಕು ಅಂತಲೂ ಇಲ್ಲ, ಯಾರು ನೋಡ್ತಿದ್ದಾರೆ ಎಷ್ಟು ಜನ ಇದ್ದಾರೆ ಅಂತ ಅವನಿಗೆ ಗೊತ್ತೂ ಇರುವುದಿಲ್ಲ, ಅವ ಕಳಿಸ್ತಾ ಇರ್ತಾನೆ ಅಷ್ಟೆ. ಪಿಂಗಿಗೆ ಉತ್ತರ ಬಾರದ್ದೂ ಸಹಜ, ಲಿನಕ್ಸ್ ಕರ್ನೆಲ್ (ಆಂಡ್ರಾಯ್ಡ್ ಒಳಗೆ ಇರುವುದೂ ಅದೇ) ಬ್ರಾಡ್‌ಕಾಸ್ಟಿಗೂ ಮಲ್ಟಿಕಾಸ್ಟಿಗೂ ಬಂದ ಪಿಂಗನ್ನು ಡೀಫಾಲ್ಟಾಗಿ ಕಡೆಗಣಿಸ್ತದೆ.

ಇನ್ನು ಸೇರುವುದು ಹೇಗೆ. ಬಾಕ್ಸಿನಲ್ಲಿ ವಿಎಲ್‌ಸಿ ಆ ಅಡ್ರೆಸ್ ತೆರೆದ ಕೂಡ್ಲೆ ಒಳಗೆ ಎರಡು ಕೆಲಸ ಆಗ್ತದೆ. ಒಂದು, ನೆಟ್‌ವರ್ಕ್ ಕಾರ್ಡಿಗೆ "ಇಂಥ ಮ್ಯಾಕ್ ಅಡ್ರೆಸ್ಸಿಗೆ ಬಂದ ಫ್ರೇಮನ್ನೂ ತಗೋ" ಅಂತ ಹೇಳುವುದು (ಮ್ಯಾಕ್ ಅಂದ್ರೆ ಹಾರ್ಡ್‌ವೇರ್ ಮಟ್ಟದ ಅಡ್ರೆಸ್). ಎರಡು, ಲ್ಯಾನಿಗೆ ಐಜಿಎಂಪಿ ರಿಪೋರ್ಟ್ ಅಂತ ಒಂದು ಸಣ್ಣ ಪ್ಯಾಕೆಟ್ ಬಿಡುವುದು, "ನಾನು 239.20.20.2 ಗುಂಪಿಗೆ ಸೇರಿದ್ದೇನೆ" ಅಂತ. ಈ ರಿಪೋರ್ಟ್ ನಿಜವಾಗಿ ರೌಟರಿಗೆ ಅಂತ ಮಾಡಿದ್ದು. ಸ್ವಿಚ್ ಮಧ್ಯದಲ್ಲಿ ಕೂತು ಕದ್ದು ಕೇಳ್ತದೆ, ಅದೇ ಸ್ನೂಪಿಂಗ್. ಕೇಳಿ "ಓ 7ನೇ ಪೋರ್ಟಿನವನಿಗೆ ಬೇಕಂತೆ" ಅಂತ ಬರೆದಿಟ್ಟು ಆ ಪೋರ್ಟಿಗೆ ಮಾತ್ರ ಸ್ಟ್ರೀಮ್ ಬಿಡ್ತದೆ. ನಿಮ್ಮ ಮನೆಯ ಸಣ್ಣ ಸ್ವಿಚ್ಚಿಗೆ ಈ ವಿದ್ಯೆ ಇಲ್ಲ, ಮಲ್ಟಿಕಾಸ್ಟ್ ಕಂಡ್ರೆ ಎಲ್ಲ ಪೋರ್ಟಿಗೂ ಎರಚ್ತದೆ, ಅದಕ್ಕೇ ಅಲ್ಲಿ ನಿಲ್ಲಲಿಲ್ಲ.

ಆದ್ರೆ ಬರೆದಿಟ್ಟದ್ದು ಶಾಶ್ವತ ಅಲ್ಲ. ಟಿವಿಯ ಕರೆಂಟ್ ತೆಗೆದು ಹೋದವ "ನಾನು ಹೋದೆ" ಅಂತ ಹೇಳಿ ಹೋಗುವುದಿಲ್ಲ ಅಲ್ವಾ, ಹಾಗಾಗಿ ಯಾರಾದ್ರೂ ಒಬ್ರು ಆಗಾಗ "ಯಾರೆಲ್ಲ ಇದ್ದೀರಿ" ಅಂತ ಕೇಳ್ತಾ ಇರ್ಬೇಕು, ಇದ್ದವರು ಪುನಃ ರಿಪೋರ್ಟ್ ಕೊಡ್ಬೇಕು. ಕೇಳುವವನಿಗೆ ಕ್ವೆರಿಯರ್ ಅಂತ ಹೆಸರು. ಡೀಫಾಲ್ಟ್ ಪ್ರಕಾರ 125 ಸೆಕೆಂಡಿಗೊಮ್ಮೆ 224.0.0.1ಕ್ಕೆ, ಅಂದ್ರೆ ಲ್ಯಾನಿನ ಎಲ್ಲರಿಗೂ, ಕ್ವೆರಿ ಹೋಗ್ತದೆ. ಉತ್ತರ ಕೊಡ್ಲಿಕ್ಕೆ 10 ಸೆಕೆಂಡ್. ಒಂದು ಪ್ಯಾಕೆಟ್ ತಪ್ಪಿ ಹೋದ್ರೂ ತೊಂದ್ರೆ ಆಗ್ಬಾರ್ದು ಅಂತ ಎರಡು ಸುತ್ತು ಕಾಯ್ತಾರೆ: 125 ಎರಡ್ಲ, ಮೇಲೆ 10, ಒಟ್ಟು 260 ಸೆಕೆಂಡ್. ಅಷ್ಟರೊಳಗೆ ರಿಪೋರ್ಟ್ ಬಾರದಿದ್ರೆ ಆ ಪೋರ್ಟಿನ ಹೆಸರು ಹೊಡೆದು ಹಾಕುವುದು.

260 ಸೆಕೆಂಡ್ ಅಂದ್ರೆ ನಾಲ್ಕು ನಿಮಿಷ 20 ಸೆಕೆಂಡ್. ನಿಮ್ಮ ಚಿತ್ರ ನಿಲ್ಲುವುದೂ ಅಲ್ಲಿಗೇ ಅಲ್ವಾ?

ದೊಡ್ಡ ಆಫೀಸಲ್ಲಾದ್ರೆ ಮಲ್ಟಿಕಾಸ್ಟ್ ರೌಟರೇ ಕ್ವೆರಿಯರ್ ಕೆಲಸ ಮಾಡ್ತದೆ. ನಿಮ್ಮಲ್ಲಿ ಅಂಥ ರೌಟರ್ ಇಲ್ಲ. ಹಾಜರಿ ಕರೆಯುವ ಮೇಷ್ಟ್ರೇ ಇಲ್ಲದ ಕ್ಲಾಸಿನಲ್ಲಿ ಎಲ್ಲರಿಗೂ ಗೈರುಹಾಜರಿ ಹಾಕಿದ ಹಾಗೆ ಆಯ್ತು. ಸ್ವಿಚ್ಚಿನ ಮೆನುವಿನಲ್ಲಿ "ಸ್ನೂಪಿಂಗ್ ಕ್ವೆರಿಯರ್" ಅಂತ ಬೇರೆಯೇ ಒಂದು ಟಿಕ್ ಇರ್ತದೆ, ಎಷ್ಟೋ ಸ್ವಿಚ್ಚಿನಲ್ಲಿ ಸ್ನೂಪಿಂಗ್ ಆನ್ ಆಗಿಯೇ ಬರ್ತದೆ, ಕ್ವೆರಿಯರ್ ಆಫ್ ಆಗಿ ಬರ್ತದೆ. ಯಾವ ಪುಣ್ಯಾತ್ಮ ಹಾಗೆ ಯೋಚನೆ ಮಾಡಿದ್ನೋ. ಅದನ್ನು ಆನ್ ಮಾಡಿ, ಸ್ವಿಚ್ಚಿಗೆ ಆ ವಿಲ್ಯಾನಿನಲ್ಲಿ (ಸ್ಟ್ರೀಮ್ ಓಡುವ ನೆಟ್‌ವರ್ಕ್ ವಿಭಾಗದಲ್ಲಿ) ಒಂದು ಐಪಿ ಕೊಡಿ.

ರಂಗಸ್ಥಳದ್ದು ಇದಕ್ಕಿಂತ ಚಂದ ಉಂಟು. ಈಥರ್ನೆಟ್ಟಿಗೆ ಐಪಿ ಗೊತ್ತಿಲ್ಲ, ಮ್ಯಾಕ್ ಮಾತ್ರ ಗೊತ್ತು. ಮಾಮೂಲಿ ಐಪಿಯಾದ್ರೆ ಎಆರ್‌ಪಿ ಕೇಳಿ ಮ್ಯಾಕ್ ತಿಳ್ಕೊಳ್ಳಬಹುದು, ಗುಂಪಿನ ಅಡ್ರೆಸ್ಸಿಗೆ ಯಜಮಾನನೇ ಇಲ್ಲ, ಯಾರನ್ನು ಕೇಳುವುದು? ಅದಕ್ಕೆ ಲೆಕ್ಕ ಹಾಕಿ ಮ್ಯಾಕ್ ಮಾಡ್ತಾರೆ: ಎದುರಿಗೆ 01:00:5ಇ ಅಂತ ಹಾಕಿ, ಮತ್ತೆ ಒಂದು ಸೊನ್ನೆಯ ಬಿಟ್, ಮತ್ತೆ ಐಪಿಯ ಕೊನೆಯ 23 ಬಿಟ್ ಸೇರಿಸುವುದು. 28ರಲ್ಲಿ 23 ಮಾತ್ರ ಹಿಡಿಸಿತು, 5 ಬಿಟ್ ಹೊರಗೆ ಬಿತ್ತು. ಹಾಗಾಗಿ 32 ಬೇರೆ ಬೇರೆ ಗುಂಪಿಗೆ ಒಂದೇ ಮ್ಯಾಕ್. ನಿಮ್ಮ 239.20.20.2 ಆಗುವುದು 01:00:5ಇ:14:14:02, ಹೆಕ್ಸ್‌ನಲ್ಲಿ 14 ಅಂದ್ರೆ ನಮ್ಮ 20. 239.148.20.2 ಹಾಕಿದ್ರೂ ಅದೇ ಮ್ಯಾಕ್, 224.20.20.2 ಹಾಕಿದ್ರೂ ಅದೇ.

ಈಗ 239.0.0.1 ಎಂತ ಆಗ್ತದೆ ನೋಡಿ. 01:00:5ಇ:00:00:01. 224.0.0.1 ಎಂತ ಆಗ್ತದೆ? ಅದೂ 01:00:5ಇ:00:00:01! ಅಂದ್ರೆ ಲ್ಯಾನಿನ ಎಲ್ಲರೂ ಕಡ್ಡಾಯವಾಗಿ ಕೇಳ್ಲೇಬೇಕಾದ ಗುಂಪಿನ ಮ್ಯಾಕ್ ಮೇಲೆ ನಿಮ್ಮ ರಂಗಸ್ಥಳ ಕೂತಿದೆ. 224.0.0 ಅಂತ ಶುರುವಾಗುವುದನ್ನು ಸ್ವಿಚ್ ಸ್ನೂಪಿಂಗ್ ಇದ್ದರೂ ಎಲ್ಲ ಪೋರ್ಟಿಗೂ ಬಿಡ್ತದೆ, ಬಿಡ್ಲೇಬೇಕು, ರೌಟರುಗಳು ದಾರಿ ತಿಳ್ಕೊಳ್ಳುವ ಒಎಸ್‌ಪಿಎಫ್, ಪ್ರಿಂಟರ್ ಹುಡುಕುವ ಎಂಡಿಎನ್‌ಎಸ್ ಎಲ್ಲ ಅಲ್ಲೇ ಓಡುವುದು. ಮ್ಯಾಕ್ ನೋಡಿ ತೀರ್ಮಾನ ಮಾಡುವ ಸ್ವಿಚ್ಚಿಗೆ ಎರಡೂ ಒಂದೇ ಕಾಣ್ತದೆ, ಅದಕ್ಕೇ ಅದು ನಾಲ್ಕು ನಿಮಿಷಕ್ಕೂ ನಿಲ್ಲುವುದಿಲ್ಲ.

ಪ್ರಿಂಟರ್ ಕಥೆಯೂ ಇದೇ. ಬೇರೆ ಯಾವುದೋ ಗುಂಪಿನ ಫ್ರೇಮ್ ಬಂದ್ರೆ ಕಾರ್ಡಿನ ಹಾರ್ಡ್‌ವೇರೇ ಸಾಧಾರಣ ಬಾಗಿಲಲ್ಲೇ ಎಸೆಯುತ್ತದೆ. ಈ ಮ್ಯಾಕ್ ಮಾತ್ರ ಪ್ರಿಂಟರೂ ಕೇಳ್ತಾ ಇರುವಂಥದ್ದು, ಹಾಗಾಗಿ ಒಳಗೆ ಬಿಡ್ತದೆ, ಅದ್ರ ಬಡ ಪ್ರೊಸೆಸರ್ ಪ್ರತಿಯೊಂದನ್ನೂ ಬಿಚ್ಚಿ ಐಪಿ ನೋಡಿ ನನ್ನದಲ್ಲ ಅಂತ ಬಿಸಾಡ್ಬೇಕು. 8 ಎಂಬಿಪಿಎಸ್ ಸ್ಟ್ರೀಮ್, ಒಂದೊಂದು ಪ್ಯಾಕೆಟ್ಟಿನಲ್ಲಿ 1316 ಬೈಟ್ (ಟಿಎಸ್ ಅನ್ನುವ 188 ಬೈಟಿನ ಏಳು ವಿಡಿಯೋ ತುಂಡು) ಅಂತ ಹಿಡಿದ್ರೆ ಸೆಕೆಂಡಿಗೆ ಹತ್ತಿರ ಹತ್ತಿರ 760 ಪ್ಯಾಕೆಟ್. ರಶೀದಿ ಪ್ರಿಂಟರಿಗೆ ಇದು ಬೇಕಾ?

ಪೆರ್ಲದ_ಕೇಬಲಣ್ಣ:

ಅಕ್ಕ ಇದು ಸರಿ, ಆದ್ರೆ ನನಗೆ ಒಂದು ಅರ್ಥ ಆಗುವುದಿಲ್ಲ, 28 ಬಿಟ್ ಉಂಟು ಅಂತ ಗೊತ್ತಿದ್ದೂ 23 ಯಾಕೆ ಇಟ್ರು? ಎದುರಿನ 24 ಬಿಟ್ ಹೋದ್ರೂ ಮ್ಯಾಕಿನಲ್ಲಿ ಇನ್ನೂ 24 ಉಳೀತದಲ್ಲ.

ಉಪ್ಪಳದ_ಅಕ್ಕ:

ಒಳ್ಳೆ ಪ್ರಶ್ನೆ. ಇದಕ್ಕೆ ನೆಟ್‌ವರ್ಕಿನವರ ನಡುವೆ ಒಂದು ಕಥೆ ಓಡ್ತದೆ. ಐಪಿ ಮಲ್ಟಿಕಾಸ್ಟ್ ಶುರು ಮಾಡಿದ್ದು ಸ್ಟೀವ್ ಡೀರಿಂಗ್, 1989ರ ಆರ್‌ಎಫ್‌ಸಿ 1112 (ಅದ್ರ ನಿಯಮದ ದಾಖಲೆ) ಬರೆದವರು. 28 ಬಿಟ್ ಪೂರ್ತಿ ಹಿಡಿಸ್ಬೇಕಾದ್ರೆ ಮ್ಯಾಕ್ ನಂಬರ್ ಹಂಚುವ ಐಟ್ರಿಪಲ್‌ಇಯಿಂದ ಒಂದರ ಹಿಂದೆ ಒಂದು 16 ಓಯುಐ ಬ್ಲಾಕ್ (ಮ್ಯಾಕಿನ ಎದುರಿನ 24 ಬಿಟ್) ತಗೊಳ್ಳಬೇಕಿತ್ತಂತೆ, ಒಂದಕ್ಕೆ 1000 ಡಾಲರ್. ಅಷ್ಟು ದುಡ್ಡು ಯಾರು ಕೊಡ್ತಾರೆ, ಆಗ ಇಂಟರ್‌ನೆಟ್ಟಿನ ನಂಬರ್ ಹಂಚಿಕೆ ನೋಡ್ಕೊಳ್ತಿದ್ದ ಜಾನ್ ಪೋಸ್ಟೆಲ್ ಒಂದೇ ಒಂದು ತಗೊಂಡು ಅದ್ರಲ್ಲೂ ಅರ್ಧ ಮಾತ್ರ ಇದಕ್ಕೆ ಬಿಟ್ಟುಕೊಟ್ರಂತೆ. 24 ಬಿಟ್ಟಿನಲ್ಲಿ ಆಗುವ ಅಡ್ರೆಸ್ಸುಗಳಲ್ಲಿ ಅರ್ಧ ಅಂದ್ರೆ 23 ಬಿಟ್ಟಿನಷ್ಟು. ಆಗ ಉಳಿಸಿದ ದುಡ್ಡಿಗೆ ಈಗ ಮುಳ್ಳೇರಿಯದಲ್ಲಿ ರಶೀದಿ ನಿಂತಿದೆ 😄

ಮುಳ್ಳೇರಿಯ_ಮಾಣಿ:

ಅಕ್ಕ ನಿಮಗೆ ದೊಡ್ಡ ನಮಸ್ಕಾರ. ನಿನ್ನೆ ಸಂಜೆ ಲ್ಯಾಪ್‌ಟಾಪಿನಲ್ಲೇ ವಿಎಲ್‌ಸಿ ತೆರೆದು ಪಕ್ಕದಲ್ಲಿ ವೈರ್‌ಶಾರ್ಕ್ (ಪ್ಯಾಕೆಟ್ ನೋಡುವ ಸಾಫ್ಟ್‌ವೇರ್) ಹಾಕಿ ಐಜಿಎಂಪಿ ಮಾತ್ರ ಫಿಲ್ಟರ್ ಮಾಡಿ ನೋಡಿದೆ. ವಿಎಲ್‌ಸಿ ತೆರೆದಾಗ ಎರಡು ರಿಪೋರ್ಟ್ ಹೋಯ್ತು, 224.0.0.22ಕ್ಕೆ, ಮತ್ತೆ ಪೂರ್ತಿ ಮೌನ, ಯಾರೂ ಎಂತದೂ ಕೇಳ್ಲಿಲ್ಲ, ನಾಲ್ಕು ನಿಮಿಷ 20 ಸೆಕೆಂಡಿಗೆ ಚಿತ್ರ ನಿಂತಿತು. ಕ್ವೆರಿಯರ್ ಆನ್ ಮಾಡಿದ ಮೇಲೆ 125 ಸೆಕೆಂಡಿಗೊಮ್ಮೆ ಕ್ವೆರಿ ಬರ್ತದೆ, ಅದ್ರ ಬೆನ್ನಿಗೇ ರಿಪೋರ್ಟ್ ಹೋಗ್ತದೆ. ರಾತ್ರಿ ಹನ್ನೊಂದರವರೆಗೆ ಓಡಿತು, ನಿಲ್ಲಲಿಲ್ಲ.

ಇನ್ನು ರಂಗಸ್ಥಳಕ್ಕೆ ಯಾವ ಅಡ್ರೆಸ್ ಹಾಕ್ಲಿ? ಯಾವುದು ಹಾಕ್ಬಾರ್ದು ಅಂತ ಪಟ್ಟಿ ಉಂಟಾ? ಮತ್ತೆ ಸಮಿತಿಯವರದ್ದು ಹೊಸ ಬೇಡಿಕೆ, ಜನರ ಫೋನಿಗೂ ವೈಫೈಯಲ್ಲಿ ಇದೇ ಸ್ಟ್ರೀಮ್ ಕೊಡ್ಲಿಕ್ಕೆ ಆಗ್ತದಾ ಅಂತ. ಒಬ್ರು ಮಾವ ಅಂತೂ ಮುಂಬೈಯಲ್ಲಿರುವ ಮಕ್ಕಳಿಗೂ ಮಲ್ಟಿಕಾಸ್ಟಲ್ಲೇ ಕಳ್ಸು ಅಂತ ಹಠ ಹಿಡಿದಿದ್ದಾರೆ, ಒಂದೇ ಸಲ ಕಳ್ಸಿದ್ರೆ ಎಲ್ಲರಿಗೂ ಸಿಗ್ತದೆ ಅಂತ ನಾನೇ ಹೇಳಿದ್ದಲ್ವಾ.

ಉಪ್ಪಳದ_ಅಕ್ಕ:

239ರ ಇಡೀ ಬ್ಲಾಕ್ ಖಾಸಗಿ ಬಳಕೆಗೆ ಅಂತಲೇ ಬಿಟ್ಟದ್ದು, 192.168 ಇದ್ದ ಹಾಗೆ ಅಂತ ಇಟ್ಕೊಳ್ಳಿ. ಅದ್ರೊಳಗೆ ಒಂದು ಸಂಸ್ಥೆಯ ಒಳಗಿನ ಬಳಕೆಗೆ ಅಂತ 239.192ರಿಂದ 239.195ರವರೆಗೆ ಗುರುತು ಹಾಕಿದ್ದಾರೆ. ನೀವು 239.192.20.1, 239.192.20.2 ಅಂತ ಹಾಕಿ, ಮ್ಯಾಕ್ 01:00:5ಇ:40:14:01 ಮತ್ತು 02 ಆಗ್ತದೆ, ಯಾರ ತಂಟೆಗೂ ಹೋಗುವುದಿಲ್ಲ. ಬಿಡ್ಬೇಕಾದ್ದು: 239.0.0 ಮತ್ತು 239.128.0 ಅಂತ ಶುರುವಾಗುವುದು ಎರಡೂ 224.0.0ರ ಮ್ಯಾಕ್ ಮೇಲೆ ಬೀಳ್ತದೆ. 239.255.255.250 ಸ್ಮಾರ್ಟ್ ಟಿವಿ, ಡಿಎಲ್‌ಎನ್‌ಎ ಸಾಮಾನುಗಳು ಒಂದನ್ನೊಂದು ಹುಡುಕ್ಲಿಕ್ಕೆ ಇಟ್ಟ ಎಸ್‌ಎಸ್‌ಡಿಪಿಯ ಅಡ್ರೆಸ್, ಅದೂ ಬೇಡ. 232ರಿಂದ ಶುರುವಾಗುವುದು "ಇಂಥವನಿಂದ ಬಂದದ್ದು ಮಾತ್ರ ಸಾಕು" ಅಂತ ಸೋರ್ಸ್ ಹೇಳಿ ಸೇರುವ ಪದ್ಧತಿಗೆ, ಅದಕ್ಕೆ ಐಜಿಎಂಪಿ ವರ್ಶನ್ 3 ಬೇಕು, ನಿಮಗೆ ಅಗತ್ಯ ಇಲ್ಲ.

ಮತ್ತೊಂದು, ಕ್ವೆರಿಯರನ್ನು ನಡುವಿನ 24 ಪೋರ್ಟಿನ ಸ್ವಿಚ್ಚಿನಲ್ಲೇ ಇಡಿ. ಕ್ವೆರಿ ಬರುವ ದಿಕ್ಕಿನಲ್ಲಿ ರೌಟರ್ ಉಂಟು ಅಂತ ಉಳಿದ ಸ್ವಿಚ್ಚುಗಳು ನಂಬಿ ಎಲ್ಲ ಮಲ್ಟಿಕಾಸ್ಟನ್ನೂ ಆ ಕಡೆಗೆ ಕಳಿಸ್ತವೆ, ಗದ್ದೆಯ ಮೂಲೆಯ ಸಣ್ಣ ಸ್ವಿಚ್ಚಿನಲ್ಲಿ ಕ್ವೆರಿಯರ್ ಇಟ್ರೆ ಎರಡು ಕ್ಯಾಮರಾದ್ದೂ ಯಾರು ನೋಡಲಿ ಬಿಡಲಿ ಗದ್ದೆಗೆ ಹೋಗ್ತಾ ಇರ್ತದೆ. ಇಬ್ರು ಕ್ವೆರಿಯರ್ ಇದ್ರೆ ಜಗಳ ಇಲ್ಲ, ಕಡಿಮೆ ಐಪಿ ಇದ್ದವ ಗೆಲ್ತಾನೆ.

ಮಂಜೇಶ್ವರ_ಪ್ಯಾಕೆಟ್:

ವೈಫೈದ್ದು ನಾನು ಹೇಳ್ತೇನೆ, ನನ್ನ ಹೊಟ್ಟೆಪಾಡೇ ಅದು. ಮಾಡ್ಬೇಡಿ.

ಯಾಕೆ ಅಂದ್ರೆ ಗಾಳಿಯಲ್ಲಿ ಒಬ್ಬನಿಗೆ ಕಳಿಸುವ ಫ್ರೇಮಿಗೆ ಆ ಕಡೆಯಿಂದ ಸಿಕ್ಕಿತು ಅಂತ ಉತ್ತರ ಬರ್ತದೆ, ಬಾರದಿದ್ರೆ ಎಪಿ (ವೈಫೈ ಬಿಡುವ ಬಾಕ್ಸ್) ಪುನಃ ಕಳಿಸ್ತದೆ. ಗುಂಪಿಗೆ ಕಳಿಸಿದ್ದಕ್ಕೆ ಉತ್ತರ ಇಲ್ಲ, ಹೋದದ್ದು ಹೋಯ್ತು. ಅದಕ್ಕೇ ದೂರದಲ್ಲಿರುವ ದುರ್ಬಲ ಫೋನಿಗೂ ಕೇಳ್ಲಿ ಅಂತ ಅತೀ ನಿಧಾನದ ಬೇಸಿಕ್ ರೇಟಿನಲ್ಲಿ ಕಳಿಸುವುದು. 2.4 ಗಿಗಾಹರ್ಟ್ಸಿನಲ್ಲಿ ಡೀಫಾಲ್ಟಾದ್ರೆ ಅದು 1 ಎಂಬಿಪಿಎಸ್. ನಿಮ್ಮ ಸ್ಟ್ರೀಮ್ 8. ಒಂದು ಲೀಟರಿನ ಚೊಂಬಿಗೆ ಎಂಟು ಲೀಟರ್ ಹೊಯ್ಯಲಿಕ್ಕೆ ಆಗ್ತದಾ? 239.0.0.1 ಆನ್ ಮಾಡಿದಾಗ ಆಫೀಸಿನ ವೈಫೈ ಸತ್ತದ್ದು ಇದೇ ಕಾರಣಕ್ಕೆ, ಸ್ವಿಚ್ ಎಲ್ಲ ಪೋರ್ಟಿಗೂ ಎರಚಿದಾಗ ಎಪಿಯ ಪೋರ್ಟಿಗೂ ಬಿತ್ತು, ಎಪಿ ಪಾಪ ಅದನ್ನು 1 ಎಂಬಿಪಿಎಸ್ಸಿನಲ್ಲಿ ಹೊರಗೆ ಹಾಕ್ತಾ ಕೂತಿತು, ಉಳಿದವರಿಗೆ ಮಾತಾಡ್ಲಿಕ್ಕೆ ಸಮಯವೇ ಸಿಗ್ಲಿಲ್ಲ. ಸ್ವಲ್ಪ ಒಳ್ಳೆ ಎಪಿಗಳಲ್ಲಿ ಮಲ್ಟಿಕಾಸ್ಟನ್ನು ಪ್ರತಿ ಫೋನಿಗೂ ಯುನಿಕಾಸ್ಟ್ (ಒಬ್ಬೊಬ್ಬನಿಗೆ ಬೇರೆ ಬೇರೆ) ಮಾಡಿ ಕೊಡುವ ಆಪ್ಶನ್ ಇರ್ತದೆ, ಹತ್ತು ಜನಕ್ಕೆ ಓಕೆ, ಬ್ರಹ್ಮಕಲಶದ ಜನಕ್ಕೆ ಅಲ್ಲ.

ಮುಂಬೈ ಮಾವನಿಗೆ ಇಷ್ಟು ಹೇಳಿ. ಇಂಟರ್‌ನೆಟ್ಟಿನಲ್ಲಿ ಪ್ರಯತ್ನ ಆಗದೆ ಇಲ್ಲ, 1992ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನಡೆದ ಐಇಟಿಎಫ್ (ಇಂಟರ್‌ನೆಟ್ಟಿನ ನಿಯಮ ಮಾಡುವವರ) ಸಭೆಯ ಮಾತನ್ನು ಮಲ್ಟಿಕಾಸ್ಟಲ್ಲಿ ಬೇರೆ ಬೇರೆ ಕಡೆಗೆ ಕೇಳಿಸಿದ್ರು, ಎಂಬೋನ್ ಅಂತ ಮಧ್ಯ ಮಧ್ಯ ಟನೆಲ್ ಹಾಕಿ ಜೋಡಿಸಿದ ನೆಟ್‌ವರ್ಕ್ ಅದಕ್ಕೆ ಇತ್ತು. ಆದ್ರೆ ಸಾರ್ವಜನಿಕ ಇಂಟರ್‌ನೆಟ್ಟಿನಲ್ಲಿ ಅದು ಬೇರೂರಲಿಲ್ಲ. ಪ್ರತಿ ಗುಂಪಿಗೂ ದಾರಿಯ ಪ್ರತಿ ರೌಟರ್ ಲೆಕ್ಕ ಇಟ್ಕೊಳ್ಳಬೇಕು, ಒಂದು ಪ್ಯಾಕೆಟ್ ಒಳಗೆ ಬಂದು ಹತ್ತಾಗಿ ಹೊರಗೆ ಹೋದ್ರೆ ದುಡ್ಡು ಯಾರ ಹತ್ರ ವಸೂಲಿ ಮಾಡುವುದು ಅನ್ನುವ ತಕರಾರು ಬೇರೆ. ನೀವು ಇಲ್ಲಿಂದ 239ಕ್ಕೆ ಕಳಿಸಿದ್ದು ನಿಮ್ಮ ರೌಟರ್ ದಾಟಿಯೇ ಹೋಗುವುದಿಲ್ಲ, ಮಲ್ಟಿಕಾಸ್ಟ್ ಟಿಟಿಎಲ್ (ಪ್ಯಾಕೆಟ್ ಎಷ್ಟು ದೂರ ಹೋಗ್ಬಹುದು ಅನ್ನುವ ಲೆಕ್ಕ) ಡೀಫಾಲ್ಟ್ 1 ಇರುವುದೇ ಹಾಗೆ. ಯೂಟ್ಯೂಬ್ ಲೈವ್ ಇಟ್ಬಿಡಿ, ಅದು ನೋಡುವ ಒಬ್ಬೊಬ್ಬನಿಗೂ ಬೇರೆ ಬೇರೆ ಕನೆಕ್ಷನ್, ಆ ಭಾರ ಅವರ ಸರ್ವರುಗಳದ್ದು.

ಮುಂಬೈಯಲ್ಲಿ ಮಲ್ಟಿಕಾಸ್ಟ್ ಇಲ್ಲ ಅಂತ ಮಾತ್ರ ಹೇಳ್ಬೇಡಿ, ಎನ್‌ಎಸ್‌ಇ ಶೇರಿನ ರೇಟನ್ನು ಬ್ರೋಕರುಗಳಿಗೆ ಕಳಿಸುವುದು ಇದ್ರಲ್ಲೇ. ಅದು ಅವರದ್ದೇ ಬೇಲಿಯೊಳಗಿನ ನೆಟ್‌ವರ್ಕ್. ಟೆಲಿಕಾಂ ಕಂಪೆನಿಗಳ ಐಪಿಟಿವಿಯೂ ಹಾಗೇ. ಒಂದೇ ಯಜಮಾನ ಇದ್ದಲ್ಲಿ ಇದು ರಾಜ.

ಮುಳ್ಳೇರಿಯ_ಮಾಣಿ:

ಆಯ್ತು, ಫೋನಿಗೂ ಮುಂಬೈಗೂ ಯೂಟ್ಯೂಬ್, ಟಿವಿಗೆ ಮಲ್ಟಿಕಾಸ್ಟ್. ರಂಗಸ್ಥಳವನ್ನು 239.192.20.1ಕ್ಕೆ ಬದಲಾಯಿಸಿದೆ. ಕೌಂಟರಿನ ಪೋರ್ಟಿನ ಲೈಟ್ ಮೊದಲು ಹುಚ್ಚು ಹಿಡಿದ ಹಾಗೆ ಮಿನುಗ್ತಾ ಇತ್ತು, ಈಗ ರಶೀದಿ ತೆಗೆಯುವಾಗ ಮಾತ್ರ ಮಿನುಗ್ತದೆ. ವೈಫೈಯೂ ಸರಿ ಆಯ್ತು.

ಕೊನೆಗೊಂದು, ಮುಂದೆ ಐಪಿವಿ6 (ಐಪಿಯ ಹೊಸ ವರ್ಶನ್) ಮಾಡಿದ್ರೂ ಈ ತಲೆಬಿಸಿ ಎಲ್ಲ ಉಂಟಾ?

ಉಪ್ಪಳದ_ಅಕ್ಕ:

ಉಂಟು, ಹೆಸರು ಬೇರೆ. ಅಲ್ಲಿ ಬ್ರಾಡ್‌ಕಾಸ್ಟೇ ಇಲ್ಲ, ಎಆರ್‌ಪಿಯ ಕೆಲಸವೂ ಮಲ್ಟಿಕಾಸ್ಟಲ್ಲೇ ಆಗುವುದು. ಗುಂಪಿನ ಅಡ್ರೆಸ್ ಎಲ್ಲ ಎಫ್‌ಎಫ್‌ನಿಂದ ಶುರು, ಎಲ್ಲರಿಗೂ ಅಂದ್ರೆ ಎಫ್‌ಎಫ್02::1. ಮ್ಯಾಕ್ 33:33 ಅಂತ ಶುರುವಾಗಿ ಹಿಂದೆ ಐಪಿಯ ಕೊನೆಯ 32 ಬಿಟ್ ಪೂರ್ತಿ ಬರ್ತದೆ, ಹಾಗಾಗಿ ಈ ಡಿಕ್ಕಿ ಹೊಡೆಯುವುದು ತುಂಬಾ ಕಡಿಮೆ. ಐಜಿಎಂಪಿ ಬದಲು ಎಂಎಲ್‌ಡಿ, ಸ್ನೂಪಿಂಗಿಗೂ ಕ್ವೆರಿಯರಿಗೂ ಮೆನುವಿನಲ್ಲಿ ಬೇರೆ ಟಿಕ್ ಇರ್ತದೆ. ಐಜಿಎಂಪಿಯದ್ದು ಆನ್ ಮಾಡಿದ್ರೆ ಇದು ತನ್ನಷ್ಟಕ್ಕೆ ಆನ್ ಆಗುವುದಿಲ್ಲ, ಅದನ್ನೂ ನೋಡ್ಕೊಳ್ಳಿ.

ಪೆರ್ಲದ_ಕೇಬಲಣ್ಣ:

ಮಾಣಿ, ಸ್ವಿಚ್ಚಿನ ಸೆಟ್ಟಿಂಗ್ ಸೇವ್ ಮಾಡಿದ್ದೀಯಾ? ಕೆಲವು ಸ್ವಿಚ್ಚಿನಲ್ಲಿ ಅಪ್ಲೈ ಬೇರೆ, ಸೇವ್ ಬೇರೆ. ಆಟದ ಮಧ್ಯ ಕರೆಂಟ್ ಹೋಗಿ ಬಂದ್ರೆ ಕ್ವೆರಿಯರ್ ಪುನಃ ಆಫ್ ಆಗಿರ್ತದೆ.

ಮುಳ್ಳೇರಿಯ_ಮಾಣಿ:

ಈಗ ಮಾಡಿದೆ ಅಣ್ಣ. ರೀಸ್ಟಾರ್ಟ್ ಮಾಡಿಯೂ ನೋಡಿದೆ, ಟಿಕ್ ಅಲ್ಲೇ ಉಂಟು.